ಮೊಬೈಲ್ ಹಿಡಿದವರು ಹಿರಿಯರು, ಗೇಮ್ ಹಿಡಿದವರು ಹುಡುಗರೇ?

ಸೋಮವಾರ ಬಂತೆಂದರೆ ನನಗೆ ಬೀದರ್ ಪ್ರಯಾಣ. ಇಂದು ಬೆಳಿಗ್ಗೆ ಕಲಬುರಗಿಯಲ್ಲಿ ರೈಲು ಹತ್ತಿ, ಕಿಟಕಿಯ ಬದಿ ಹಿಡಿದು, ಚೀಲದಿಂದ ನನ್ನ ಪುಟ್ಟ ಗೇಮ್ ಕನ್ಸೋಲ್ (ಕೈಯಲ್ಲಿ ಹಿಡಿದು ವಿಡಿಯೊ ಆಟ ಆಡುವ ಯಂತ್ರ) ತೆಗೆದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಯಾರ ತಂಟೆಗೂ ಹೋಗದೆ ಕುಳಿತಿದ್ದೆ. ಎದುರಿಗಿದ್ದ ಹಿರಿಯರು, ಇಡೀ ಬೋಗಿಗೆ ಕೇಳುವಂತೆ ಮೊಬೈಲ್‌ನಲ್ಲಿ ರೀಲ್ಸ್ ಹಚ್ಚಿಕೊಂಡಿದ್ದವರು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, “ಏನ್ರೀ ಸರ, ಈ ವಯಸ್ಸಿನ್ಯಾಗ ಸಣ್ಣ ಹುಡುಗರಂಗ ಆಡ್ಲಾಕತ್ತೀರಲ್ಲ?” ಎಂದರು. ಅಕ್ಕಪಕ್ಕದವರು ನಕ್ಕರು. ಆ ನಗು ಇನ್ನೂ ಕಿವಿಯಲ್ಲಿದೆ.

ನನ್ನ ತಕರಾರು ಇಷ್ಟೇ. ಮೂರು ತಾಸು ರೀಲ್ಸ್ ತಿಕ್ಕುವ ಮನುಷ್ಯ ಸಮಾಜದ ಕಣ್ಣಿಗೆ ಪ್ರಬುದ್ಧ. ಅದೇ ಮೂರು ತಾಸು ಒಂದು ಒಗಟು ಬಿಡಿಸಲು ಒದ್ದಾಡುವ ನಾನು ಬುದ್ಧಿ ಬಲಿಯದವನು. ಈ ತೀರ್ಪು ಕೊಟ್ಟವರು ಯಾರು?

ಅಸಲಿಗೆ ಈ ವಸ್ತು ಹುಟ್ಟಿದ ಕಥೆಯಲ್ಲಿಯೇ ರೈಲಿದೆ. ಜಪಾನಿನ ಬುಲೆಟ್ ರೈಲಿನಲ್ಲಿ ಬೇಸರ ಕಳೆಯಲು ಕ್ಯಾಲ್ಕ್ಯುಲೇಟರಿನ ಗುಂಡಿಗಳನ್ನು ಒತ್ತುತ್ತ ಕುಳಿತಿದ್ದ ನೌಕರನೊಬ್ಬನನ್ನು ಕಂಡು ಅಲ್ಲಿನ ವಿಡಿಯೊ ಗೇಮ್ ಕಂಪನಿ ನಿಂಟೆಂಡೊದ ಗುನ್‌ಪೇ ಯೊಕೊಯಿ ಅವರಿಗೆ ‘ಗೇಮ್ ಆಂಡ್ ವಾಚ್’ ಎಂಬ ಕೈಯಾಟದ ಯಂತ್ರದ ಕಲ್ಪನೆ ಹೊಳೆಯಿತೆಂದು ಹೇಳುತ್ತಾರೆ. ಅದು ಮಾರುಕಟ್ಟೆಗೆ ಬಂದದ್ದು 1980ರಲ್ಲಿ. ಅವರದೇ ತಂಡದ ‘ಗೇಮ್ ಬಾಯ್’ ಬಂದದ್ದು 1989ರಲ್ಲಿ. ಅಂದರೆ ಕೆಲಸಕ್ಕೆ ಹೋಗಿಬರುವ ದೊಡ್ಡ ಮನುಷ್ಯನ ಬೇಸರವೇ ಇದರ ಮೂಲ. ಬೀದರ್ ಕಡೆಗೆ ಹೊರಟ ಮೇಷ್ಟ್ರಿಗೆ ಇದಕ್ಕಿಂತ ಒಪ್ಪುವ ವಸ್ತು ಇನ್ನಾವುದಿದೆ?

“ಮೊಬೈಲ್‌ನಲ್ಲೇ ಆಟಗಳಿವೆಯಲ್ಲ, ಇದಕ್ಕೇಕೆ ದುಡ್ಡು ಸುರಿಯಬೇಕು?” ಎನ್ನುವವರಿದ್ದಾರೆ. ಇದ್ದಾವೆ, ಒಪ್ಪಿದೆ. ಆಟಕ್ಕೊಂದು ಜಾಹೀರಾತು, ಅದರ ನಡುವೆ ಸಾಲ ಬೇಕೇ ಎಂದು ಕೇಳುವ ಫೋನು, ಹೆಬ್ಬೆರಳೇ ಅರ್ಧ ಪರದೆಯನ್ನು ಮುಚ್ಚುವ ಚೆಂದ! ಕನ್ಸೋಲಿನಲ್ಲಿ ಬೆರಳಿಗೆ ನಿಜವಾದ ಗುಂಡಿಗಳಿವೆ. ನಿಲ್ದಾಣ ಬಂದರೆ ಒಂದು ಗುಂಡಿ ಒತ್ತಿದರೆ ಸಾಕು, ಆಟ ಇದ್ದಲ್ಲೇ ಮಲಗುತ್ತದೆ. ಸಂಜೆ ಮರಳುವಾಗ ಎಬ್ಬಿಸಿದರೆ ಅಲ್ಲಿಂದಲೇ ಏಳುತ್ತದೆ. ಯಂತ್ರಕ್ಕೆ ಸಿಕ್ಕಿಸುವ ಪುಟ್ಟ ಕಾರ್ಡಿನ ರೂಪದಲ್ಲಿ ಕೊಂಡ ಆಟವನ್ನು ಗೆಳೆಯನಿಗೆ ಎರವಲು ಕೊಡಬಹುದು, ಬೇಸರವಾದರೆ ಮಾರಲೂಬಹುದು. ಡೌನ್‌ಲೋಡ್ ಮಾಡಿಕೊಂಡ ಆಟವನ್ನು ಮಾರುವ ಭಾಗ್ಯವಿಲ್ಲ. ಹಿರಿಯರು ಆ ಪ್ರಶ್ನೆ ಕೇಳುವ ಮುಂಚೆ, ಕಮಲಾಪುರದ ಕಡೆ ಮರಗುತ್ತಿಯ ಸುರಂಗದೊಳಗೆ ರೈಲು ಹೊಕ್ಕಾಗ ನೆಟ್‌ವರ್ಕ್ ಹೋಗಿ ಹಿರಿಯರ ರೀಲ್ಸ್ ಬಾಯಿ ಮುಚ್ಚಿತು, ಅವರು ಫೋನನ್ನು ಕಿಟಕಿಯತ್ತ ಎತ್ತಿ ಹಿಡಿದು ಪರದಾಡತೊಡಗಿದರು. ಆ ಕತ್ತಲಲ್ಲಿ ನನ್ನ ಆಟ ಮಾತ್ರ ಮುಂದುವರಿದಿತ್ತು. ಸಣ್ಣತನವೇ ಇರಲಿ, ನನಗೆ ಬಹಳ ಸಂತೋಷವಾಯಿತು.

ದೋಷಗಳೇ ಇಲ್ಲವೆಂದಲ್ಲ. ನಿಂಟೆಂಡೊದ ‘ಸ್ವಿಚ್’ ಎಂಬ ಕನ್ಸೋಲ್ 2017ರಲ್ಲಿ ಬಿಡುಗಡೆಯಾದರೂ ಭಾರತಕ್ಕೆ ಅಧಿಕೃತವಾಗಿ ಬರಲಿಲ್ಲ. ಅದೇ ವರ್ಷ ನಮ್ಮ ಕಲಬುರಗಿ-ಬೀದರ್ ರೈಲಾದರೂ ಶುರುವಾಯಿತು! ಹೊರಗಿನಿಂದ ತರಿಸಿದ ಯಂತ್ರ ಕೆಟ್ಟರೆ ವಾರಂಟಿ ಎಂಬುದು ಕಾಗದದ ಮಾತು. ಅದನ್ನು 5ರಿಂದ 35 ಡಿಗ್ರಿ ಉಷ್ಣತೆಯಲ್ಲಿ ಬಳಸಬೇಕೆಂದು ತಯಾರಕರು ಹೇಳುತ್ತಾರೆ. ಏಪ್ರಿಲ್‌ನಲ್ಲಿ 42 ಡಿಗ್ರಿ ದಾಟುವ ಕಲಬುರಗಿಯವರು ಇದನ್ನು ಓದಿ ನಗಬೇಕೋ ಅಳಬೇಕೋ ತಿಳಿಯದು. ಇನ್ನು ನನ್ನ ಯಂತ್ರದ (ಕಂಪನಿಯ ಹೆಸರು ಬೇಡ) ಎಡಬದಿಯ ಜಾಯ್‌ಸ್ಟಿಕ್‌ಗೆ (ನಾಯಕನನ್ನು ಓಡಾಡಿಸುವ ಕಡ್ಡಿಗೆ) ಎರಡನೆಯ ವರ್ಷವೇ ರೋಗ ಹತ್ತಿತು: ಬೆರಳು ಮುಟ್ಟದಿದ್ದರೂ ನನ್ನ ನಾಯಕ ತಾನಾಗಿ ಎಡಕ್ಕೆ ನಡೆದು ಹೊಂಡಕ್ಕೆ ಬೀಳುತ್ತಿದ್ದ. ಒಳಗಿನ ಸಂಪರ್ಕ ಪಟ್ಟಿ ಉಜ್ಜಿ ಉಜ್ಜಿ ಸವೆದರೆ ಹೀಗಾಗುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಮೊಬೈಲ್ ರಿಪೇರಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ನಮ್ಮ ಕಡಿ ಆಗಲ್ರೀ” ಎಂದು ಕೈಗಿಟ್ಟ. ಕೊನೆಗೆ ಹೈದರಾಬಾದಿಗೆ ಕಳಿಸಿದೆ. ಒಂದೊಂದು ಆಟದ ಬೆಲೆಯ ಮಾತು ಇಲ್ಲಿ ಬೇಡ. ಮನೆಯವರೂ ಇದನ್ನು ಓದುತ್ತಾರೆ.

ಇಷ್ಟಿದ್ದರೂ ಶರಣಬಸವೇಶ್ವರ ಜಾತ್ರೆಯಲ್ಲಿ ಅಪ್ಪನನ್ನು ಕಾಡಿ ಕೊಂಡ ಇಟ್ಟಿಗೆ ಜೋಡಿಸುವ ಗೇಮಿನ ನೆನಪು ಬಿಡುವುದಿಲ್ಲ. ಅದರ ಮೇಲೆ 9999 ಆಟಗಳೆಂದು ಅಚ್ಚಾಗಿತ್ತು, ಒಳಗೆ ಇದ್ದದ್ದು ಬೆರಳೆಣಿಕೆಯಷ್ಟು. ಆಗ ಯಾರೂ ನನ್ನ ವಯಸ್ಸು ಕೇಳಿರಲಿಲ್ಲ.

ಇಷ್ಟೆಲ್ಲ ವಾದವನ್ನು ಇಲ್ಲಿ ಬರೆಯುತ್ತಿರುವ ನಾನು ರೈಲಿನಲ್ಲಿ ಆ ಹಿರಿಯರಿಗೆ ಏನೆಂದು ಉತ್ತರಿಸಿದೆ ಎಂಬುದನ್ನೂ ಹೇಳಿಬಿಡುತ್ತೇನೆ. “ನಂದಲ್ರೀ, ಮಗಂದು. ರಿಪೇರಿ ಆಗ್ಯದೋ ಇಲ್ಲೋ ಅಂತ ನೋಡ್ಲಾಕತ್ತೀನಿ” ಎಂದೆ. ಮಗ ಅದನ್ನು ಮುಟ್ಟಿ ಎರಡು ವರ್ಷವಾಯಿತು. “ಹಂಗಾದ್ರ ಸರಿ ಬಿಡ್ರಿ” ಎಂದು ಅವರು ಮತ್ತೆ ರೀಲ್ಸ್‌ಗೆ ಮರಳಿದರು. ಹುಮನಾಬಾದ್‌ನಲ್ಲಿ ಅವರು ಇಳಿಯುವವರೆಗೆ ನಾನು ಕನ್ಸೋಲನ್ನು ಚೀಲದಿಂದ ಹೊರತೆಗೆಯಲಿಲ್ಲ.