ಮಟಿಲ್ಡಾ ತೆರೆಗೆ ಬಂದಾಗ: ನರ್ತಕಿಯ ಬದುಕಿಗೆ ಕಟ್ಟುಕತೆ ಬೆರೆಸಬಹುದೇ?

ಪರ

2017ರ ಸೆಪ್ಟೆಂಬರ್‌ನಲ್ಲಿ ರಷ್ಯದ ಯೆಕಟೆರಿನ್‌ಬರ್ಗ್ ನಗರದ ಚಿತ್ರಮಂದಿರವೊಂದಕ್ಕೆ ಒಬ್ಬಾತ ವ್ಯಾನ್ ನುಗ್ಗಿಸಿ ಬೆಂಕಿ ಹಚ್ಚಿದ. ಅವನ ಸಿಟ್ಟು ಇನ್ನೂ ಬಿಡುಗಡೆಯೇ ಆಗಿರದ ಒಂದು ಸಿನಿಮಾದ ಮೇಲೆ. ಅಲೆಕ್ಸೈ ಉಚಿತೆಲ್ ನಿರ್ದೇಶನದ ‘ಮಟಿಲ್ಡಾ’ದಲ್ಲಿರುವುದು ಬ್ಯಾಲೆ ನರ್ತಕಿ ಮಟಿಲ್ಡಾ ಕ್ಷೆಸಿನ್ಸ್ಕಾಯಾ ಮತ್ತು ಆಗಿನ್ನೂ ಯುವರಾಜನಾಗಿದ್ದ, ರಷ್ಯದ ಕೊನೆಯ ದೊರೆ ಎರಡನೇ ನಿಕೊಲಾಯ್‌ನ ಪ್ರೇಮ. ಇದೇ ಯೆಕಟೆರಿನ್‌ಬರ್ಗ್‌ನಲ್ಲಿ 1918ರಲ್ಲಿ ಗುಂಡಿಗೆ ಬಲಿಯಾದ ಆ ದೊರೆಯನ್ನು ರಷ್ಯದ ಚರ್ಚು 2000ದಲ್ಲಿ ಸಂತರ ಸಾಲಿಗೆ ಸೇರಿಸಿತು. ಸಂತನಿಗೆ ಪ್ರೇಯಸಿ ಇದ್ದಳೆಂದು ತೋರಿಸುವುದು ಭಕ್ತರಿಗೆ ಅಪಚಾರವಾಗಿ ಕಂಡಿತು.

ಆದರೆ ಪ್ರೇಮವನ್ನು ಸಿನಿಮಾದವರು ಹುಟ್ಟಿಸಿದ್ದಲ್ಲ. ನಿಕೊಲಾಯ್‌ನ ದಿನಚರಿಯಲ್ಲಿ ಆಕೆಯ ಹೆಸರಿದೆ. ಮುಪ್ಪಿನಲ್ಲಿ ಬರೆದ ಆತ್ಮಕಥೆಯಲ್ಲಿ ಆಕೆಯೂ ಅದನ್ನು ಮುಚ್ಚಿಡಲಿಲ್ಲ. ದಿನಚರಿ ಹೇಳುವುದು ಭೇಟಿಯಾದದ್ದನ್ನು ಮಾತ್ರ. ಕದ ಹಾಕಿದ ಮೇಲೆ ಆಡಿದ ಮಾತನ್ನು ಯಾರಾದರೂ ಕಲ್ಪಿಸಿಯೇ ಬರೆಯಬೇಕು.

ಬ್ಯಾಲೆಯ ಪಾಡಂತೂ ಇನ್ನೂ ಕಷ್ಟ. ಚಿತ್ರಕಾರ ಸತ್ತರೆ ಚಿತ್ರ ಉಳಿಯುತ್ತದೆ. ಆಕೆಯ ಕುಣಿತವನ್ನು ಸೇಂಟ್ ಪೀಟರ್ಸ್‌ಬರ್ಗ್‌ನ ಮಾರಿಯಿನ್ಸ್ಕಿ ರಂಗದ ಮೇಲೆ ಕಂಡ ಒಬ್ಬರೂ ಇಂದಿಲ್ಲ. 1872ರಲ್ಲಿ ಹುಟ್ಟಿ 1971ರವರೆಗೆ ಬಾಳಿದವಳನ್ನು ಎರಡು ಗಂಟೆಗೆ ಇಳಿಸುವವನು ಎಲ್ಲೋ ಕತ್ತರಿ ಆಡಿಸುತ್ತಾನೆ, ಎಲ್ಲೋ ತೇಪೆ ಹಾಕುತ್ತಾನೆ. ಸಾಕ್ಷ್ಯವೇ ಬೇಕೆನ್ನುವವರು ಪತ್ರಾಗಾರಕ್ಕೆ ಹೋಗಲಿ.

ವಿರೋಧ

ನನ್ನ ತಕರಾರು ಭಕ್ತರದಲ್ಲ. ದೊರೆಯ ಮಾನಕ್ಕಾಗಿ ಇಷ್ಟು ಮಂದಿ ಬೀದಿಗಿಳಿದರು. ನರ್ತಕಿಯ ಪರವಾಗಿ ಯಾರೂ ಕೇಳಲಿಲ್ಲ. ನಾನು ಕೇಳುತ್ತಿರುವುದು ಅದನ್ನೇ.

ಚಿತ್ರದಲ್ಲಿ ಕುಣಿಯುವಾಗ ಆಕೆಯ ರವಿಕೆಯ ಪಟ್ಟಿ ಕಳಚಿ ಬೀಳುತ್ತದೆ, ಯುವರಾಜನ ಕಣ್ಣು ಅಲ್ಲಿ ನೆಡುತ್ತದೆ. ನಿಜದ ಕ್ಷೆಸಿನ್ಸ್ಕಾಯಾಗೆ ಹೆಸರು ತಂದುಕೊಟ್ಟದ್ದು ಬೇರೆ. ಇಟಲಿಯ ನರ್ತಕಿ ಪಿಯೆರಿನಾ ಲೆನ್ಯಾನಿ ಒಂದೇ ಕಾಲಿನ ಮೇಲೆ ಫುಯೆಟೆ ಎಂಬ ಸುತ್ತನ್ನು 32 ಬಾರಿ ಸುತ್ತಿ ಪೀಟರ್ಸ್‌ಬರ್ಗನ್ನು ಬೆರಗುಗೊಳಿಸಿದ್ದಳು. ನಿಂತ ಕಾಲು ಪ್ರತಿ ಸುತ್ತಿಗೂ ಒಮ್ಮೆ ಹಿಮ್ಮಡಿಗಿಳಿದು ಮತ್ತೆ ಬೆರಳ ತುದಿಗೇರಬೇಕು, ಇನ್ನೊಂದು ಕಾಲು ಚಾವಟಿಯಂತೆ ಬೀಸಬೇಕು. ಮೈ ತಿರುಗಿದರೂ ನೋಟ ಎದುರಿನ ಒಂದೇ ಬಿಂದುವನ್ನು ಹಿಡಿದಿರಬೇಕು. ತಲೆ ಕೊನೆಗೆ ಹೊರಟು ಮೊದಲು ಬಂದು ನಿಲ್ಲಬೇಕು. ಇಲ್ಲವಾದರೆ ಹತ್ತನೆಯ ಸುತ್ತಿಗೇ ತಲೆ ಗಿರ್ರೆನ್ನುತ್ತದೆ. ಇದರ ಗುಟ್ಟನ್ನು ಭೇದಿಸಿ ಅಷ್ಟೂ ಸುತ್ತಿದ ಮೊದಲ ರಷ್ಯನ್ ನರ್ತಕಿ ಕ್ಷೆಸಿನ್ಸ್ಕಾಯಾ. ಚಿತ್ರದಲ್ಲಿ ಫುಯೆಟೆ ಇಲ್ಲವೆಂದಲ್ಲ, ಇದೆ. ಪ್ರೇಮಕಥೆಗೆ ಹಾಕಿದ ಒಗ್ಗರಣೆಯಾಗಿ ಇದೆ.

ನಿಕೊಲಾಯ್‌ನ ನಂಟು 1894ರಲ್ಲಿ ಅವನ ನಿಶ್ಚಿತಾರ್ಥದ ಹೊತ್ತಿಗೇ ಮುಗಿದಿತ್ತು. ಸಿನಿಮಾ ಅದನ್ನು 1896ರ ಪಟ್ಟಾಭಿಷೇಕದವರೆಗೆ ಎಳೆದು ಅಲ್ಲಿಗೇ ಆಕೆಯನ್ನು ಕೈಬಿಡುತ್ತದೆ. ಬದುಕು ಶುರುವಾದದ್ದೇ ಆಮೇಲೆ. 1917ರಲ್ಲಿ ಲೆನಿನ್‌ನ ಕ್ರಾಂತಿಕಾರಿ ಪಕ್ಷದವರಾದ ಬೊಲ್ಶೆವಿಕರು ಆಕೆಯ ಮನೆಯನ್ನು ವಶಪಡಿಸಿಕೊಂಡರು, ಅದೇ ಮನೆಯ ಬಾಲ್ಕನಿಯಿಂದ ಲೆನಿನ್ ಭಾಷಣ ಮಾಡಿದ. ದೇಶ ಬಿಟ್ಟ ಮೇಲೆ ಆಕೆ ಮದುವೆಯಾದದ್ದು ರಾಜಮನೆತನದ ಇನ್ನೊಬ್ಬ ಕುಡಿ, ಆಂದ್ರೇಯ್‌ನನ್ನು. 1929ರಲ್ಲಿ ಪ್ಯಾರಿಸ್‌ನಲ್ಲಿ ಬ್ಯಾಲೆ ಶಾಲೆ ತೆರೆದಳು. ಬ್ರಿಟನ್ನಿನ ಹೆಸರಾಂತ ಬ್ಯಾಲೆ ನರ್ತಕಿ ಮಾರ್ಗೊ ಫಾಂಟೇನ್‌ಗೂ ಪಾಠ ಹೇಳಿದಳು.

1936ರಲ್ಲಿ, ಅರವತ್ತಮೂರರ ವಯಸ್ಸಿನಲ್ಲಿ, ಲಂಡನ್‌ನ ಕೊವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಕೊನೆಯ ಬಾರಿ ಕುಣಿದಳು. ಆ ಸಂಜೆಗೆ ಸಿನಿಮಾದಲ್ಲಿ ಒಂದು ನಿಮಿಷವೂ ಸಿಕ್ಕಿಲ್ಲ.