ತಂದೆಯ ಹೆಸರು: ಅನ್ವಯಿಸುವುದಿಲ್ಲ

ದೇವರನ್ನು ಮಾತಿನಲ್ಲಿ ಹಿಡಿಯೋಕೆ ಆಗಲ್ಲ ಅಂತ ಹಿಂದಿನವರು ಕೈಚೆಲ್ಲಿಬಿಟ್ಟರು. ಉಪನಿಷತ್ತು ‘ನೇತಿ ನೇತಿ’, ಅಂದ್ರೆ ಇದಲ್ಲ ಇದಲ್ಲ, ಅಂದು ಸುಮ್ಮನಾಯಿತು. ಅಕ್ಕಮಹಾದೇವಿ ಸೀಮೆಯಿಲ್ಲದ, ಕುರುಹಿಲ್ಲದ ಚೆಲುವ ಅಂದಳು. ಇಷ್ಟೇ ವಿವರ ಹಿಡಿದು ತಾಲ್ಲೂಕು ಕಚೇರಿಗೆ ಹೋಗಿ ನೋಡಿ. ಸೀಮೆಯಿಲ್ಲ ಅಂದ್ರೆ ಚಕ್ಕುಬಂದಿ ಬರೆಯೋದು ಹೇಗೆ? ಕುರುಹಿಲ್ಲ ಅಂದ್ರೆ ಗುರುತಿನ ಚೀಟಿ? ಅರ್ಜಿ ವಾಪಸ್.

ಋಷಿಗಳಿಗೂ ಶರಣರಿಗೂ ಆಗದ್ದನ್ನು ನಮ್ಮ ಕಚೇರಿ ಭಾಷೆ ಆರಾಮಾಗಿ ಮಾಡಿ ಮುಗಿಸಿದೆ.

2007ರಲ್ಲಿ ಜಾರ್ಖಂಡಿನ ಧನಬಾದಿನಲ್ಲಿ ನಡೆದದ್ದು ಕೇಳಿ. 1.4 ಎಕರೆ ಜಾಗ, ಅದರಲ್ಲಿ ರಾಮನ ಗುಡಿ, ಹನುಮಂತನ ಗುಡಿ. ಜಾಗ ಪೂಜಾರಿಯದಾ, ದೇವರದಾ ಅಂತ ವರ್ಷಗಟ್ಟಲೆ ಜಗಳ. ತ್ವರಿತ ನ್ಯಾಯಾಲಯದ ನ್ಯಾಯಾಧೀಶರು ಮಾಲೀಕರನ್ನೇ ಕೇಳಿಬಿಡೋಣ ಅಂತ ರಾಮನಿಗೂ ಹನುಮಂತನಿಗೂ ನೋಟಿಸ್ ಕಳಿಸಿದರು. ವಿಳಾಸ ಅಪೂರ್ಣ ಅಂತ ನೋಟಿಸ್ ವಾಪಸ್ ಬಂತು. ಸರ್ವಾಂತರ್ಯಾಮಿ ಅಂದ್ರೆ ಇದೇ ಕಷ್ಟ ನೋಡಿ, ಪಿನ್ ಕೋಡ್ ಇರಲ್ಲ. ಕೊನೆಗೆ ಇಬ್ಬರೂ ಖುದ್ದಾಗಿ ಹಾಜರಾಗಬೇಕು ಅಂತ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರು. ತಪಸ್ಸು ಮಾಡಿದವರು ‘ಪ್ರತ್ಯಕ್ಷನಾಗು ತಂದೆ’ ಅಂತ ಬೇಡಿಕೊಳ್ಳುತ್ತಿದ್ದರು. ಇಲ್ಲಿ ಬೇಡೋದೆಲ್ಲ ಇಲ್ಲ, ತಾರೀಕು ಕೊಡೋದು.

2023ರಲ್ಲಿ ಮಧ್ಯಪ್ರದೇಶದ ಮೊರೇನಾ ಜಿಲ್ಲೆಯ ಸಬಲ್‌ಗಢದಲ್ಲಿ ರೈಲ್ವೆಯವರು ಬಜರಂಗ ಬಲಿಗೇ ನೋಟಿಸ್ ಕೊಟ್ಟರು. ನೀವು ರೈಲ್ವೆ ಜಾಗ ಒತ್ತುವರಿ ಮಾಡಿದ್ದೀರಿ, 7 ದಿನದಲ್ಲಿ ತೆರವು ಮಾಡಿ, ಇಲ್ಲದಿದ್ದರೆ ಖರ್ಚು ನಿಮ್ಮಿಂದಲೇ ವಸೂಲಿ. ಬೆಟ್ಟವನ್ನೇ ಎತ್ತಿ ತಂದವನಿಗೆ ಗುಡಿ ಎತ್ತೋಕೆ 7 ದಿನ ಜಾಸ್ತಿನೇ ಆಯ್ತು. ಜನ ನಗೋಕೆ ಶುರು ಮಾಡಿದ ಮೇಲೆ ಪೂಜಾರಿಯ ಹೆಸರಿಗೆ ಬೇರೆ ನೋಟಿಸ್ ಹೋಯಿತು.

ಹಾಗಾದರೆ ಕಾಗದದ ಪ್ರಕಾರ ದೇವರು ಅಂದ್ರೆ ಯಾರು? 1925ರಲ್ಲಿ, ಬ್ರಿಟಿಷರ ಕಾಲದಲ್ಲಿ ನಮ್ಮ ಕೇಸುಗಳಿಗೆ ಕೊನೆಯ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್, ವಿಗ್ರಹ ಕಾನೂನಿನ ಕಣ್ಣಲ್ಲಿ ಒಬ್ಬ ವ್ಯಕ್ತಿ ಅಂತ ಹೇಳಿತು. 1967ರಲ್ಲಿ ನಮ್ಮ ಸುಪ್ರೀಂ ಕೋರ್ಟು, ವಿಗ್ರಹದ ಸ್ಥಿತಿ ಅಪ್ರಾಪ್ತ ವಯಸ್ಸಿನ ಮಗುವಿನ ಹಾಗೆ ಅಂದಿತು. ಎರಡೇ ವರ್ಷಕ್ಕೆ, ಅಂದ್ರೆ 1969ರಲ್ಲಿ, ದೇವರ ಮೇಲೂ ಆದಾಯ ತೆರಿಗೆ ಹಾಕಬಹುದು ಅಂದಿತು. ಆದಿ ಅಂತ್ಯ ಇಲ್ಲದವನು, ಆದರೆ ಇನ್ನೂ ಹದಿನೆಂಟು ತುಂಬಿಲ್ಲ. ತೆರಿಗೆಗೆ ಮಾತ್ರ ದೊಡ್ಡವನು.

ಸಾಂಗ್ಲಿಯ ಗಣಪತಿ ಮತ್ತು ಜೊತೆಯ ನಾಲ್ಕು ದೇವರುಗಳ ಪಾಡು ಇನ್ನೂ ಚಂದ. ಪ್ಯಾನ್ ಕಾರ್ಡು ಸಿಕ್ಕಿತು, ಉಳಿತಾಯ ಖಾತೆ ಸಿಕ್ಕಿತು, ಡಿಮ್ಯಾಟ್ ಖಾತೆ ಮಾತ್ರ ಸಿಗಲಿಲ್ಲ. ಷೇರು ವ್ಯವಹಾರಕ್ಕೆ ಪರಿಣತಿ ಬೇಕು, ಅದನ್ನು ದೇವರಿಂದ ನಿರೀಕ್ಷಿಸೋದು ಸರಿಯಲ್ಲ ಅಂತ 2010ರಲ್ಲಿ ಬಾಂಬೆ ಹೈಕೋರ್ಟು ಹೇಳಿತು. ವಿಘ್ನ ನಿವಾರಿಸೋ ಗಣಪನಿಗೂ ಸೆನ್ಸೆಕ್ಸ್ ಅರ್ಥ ಆಗಲ್ಲ. ನಮಗೆ ಎಷ್ಟು ಸಮಾಧಾನ ಅಲ್ವಾ!

2021ರಲ್ಲಿ ಸುಪ್ರೀಂ ಕೋರ್ಟು, ದೇವಸ್ಥಾನದ ಜಮೀನಿನ ದಾಖಲೆಯಲ್ಲಿ ಮಾಲೀಕರ ಜಾಗದಲ್ಲಿ ದೇವರ ಹೆಸರೇ ಇರಬೇಕು, ಪೂಜಾರಿಯದಲ್ಲ ಅಂದಿತು. ನ್ಯಾಯವೇ. ಇಲ್ಲದಿದ್ದರೆ ದೇವರ ಹೊಲ ಯಾವಾಗ ಸೈಟುಗಳಾಗುತ್ತವೋ ಗೊತ್ತೇ ಆಗಲ್ಲ. ಆದರೆ ನಮ್ಮ ಪಹಣಿಯ ಕಾಲಂ 9 ತಂದೆಯ ಹೆಸರನ್ನೂ ಕೇಳುತ್ತದೆ. ಸ್ವಯಂಭು ಈಶ್ವರ, ಬಿನ್ ಯಾರು? ಗುಮಾಸ್ತರು ಎರಡು ಕ್ಷಣ ಪೆನ್ನು ಕಚ್ಚಿ ‘ಅನ್ವಯಿಸುವುದಿಲ್ಲ’ ಅಂತ ಬರೆದರೆ, ಇಡೀ ಕಚೇರಿಯಲ್ಲಿ ಅದೊಂದೇ ವೇದಾಂತ.

ನಮ್ಮ ಮುಜರಾಯಿ ಇಲಾಖೆ ಇವರೆಲ್ಲರಿಗಿಂತ ಒಂದು ಹೆಜ್ಜೆ ಮುಂದೆ. ವರ್ಷದ ಆದಾಯ 25 ಲಕ್ಷ ರೂಪಾಯಿ ದಾಟಿದ ದೇವಸ್ಥಾನ ‘ಎ’, 5 ಲಕ್ಷದಿಂದ 25 ಲಕ್ಷದವರೆಗೆ ‘ಬಿ’, ಅದಕ್ಕೂ ಕೆಳಗಿದ್ದರೆ ‘ಸಿ’. ಬಹುಪಾಲು ದೇವಸ್ಥಾನಗಳು ‘ಸಿ’ಯಲ್ಲೇ ಇವೆ. ಒಬ್ಬನೇ ದೇವರು ಎಲ್ಲೆಲ್ಲೂ ಇದ್ದಾನೆ ಅಂತ ಅದ್ವೈತಿಗಳು ಹೇಳಿಕೊಳ್ಳಲಿ, ಇಲಾಖೆಗೆ ವ್ಯತ್ಯಾಸ ಗೊತ್ತು. ಕುಕ್ಕೆಯಲ್ಲಿರೋ ಸುಬ್ರಹ್ಮಣ್ಯ ‘ಎ’, ಹಳ್ಳಿ ಗುಡ್ಡದ ಮೇಲಿನ ಸುಬ್ರಹ್ಮಣ್ಯ ‘ಸಿ’. ಗುಡ್ಡದವನಿಗೆ ಬಡ್ತಿ ಬೇಕು ಅಂದ್ರೆ ಬೇಗ ಬೇಗ ನಾಲ್ಕು ಪವಾಡ ತೋರಿಸಬೇಕು. ಅದೂ ಮಾರ್ಚ್ 31ರ ಒಳಗೆ.