ಮೊದಲು ‘ಎಲ್ಲಿ’ ಅನ್ನೋದು ಇತ್ಯರ್ಥವಾಗಲಿ

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಪಾಲಿನ ಜಗಳ ಆಗಲೇ ಇಲ್ಲ. ಮಂಡ್ಯ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಊರಲ್ಲಿರುವ ಅಣ್ಣ, ಮೈಸೂರಿನಲ್ಲಿರುವ ಅಕ್ಕ, ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿರುವ ನಾನು, ಮೂವರೂ ಒಂದು ಭಾನುವಾರ ಸಂಜೆ ಫೋನಿನಲ್ಲೇ ಒಪ್ಪಿಕೊಂಡೆವು. ನಾಲೆ ಕೆಳಗಿನ ಗದ್ದೆಯಲ್ಲಿ ನನ್ನ ಭಾಗ ಅಕ್ಕನಿಗೆ. ಹಕ್ಕು ಬಿಡುಗಡೆ ಪತ್ರ ಆಗಬೇಕು, ಅದಕ್ಕೆ ಅಣ್ಣನ ಹೆಸರಿಗೆ ನಾನೊಂದು ಜಿಪಿಎ, ಅಂದರೆ ನನ್ನ ಪರವಾಗಿ ಸಹಿ ಹಾಕುವ ಅಧಿಕಾರಪತ್ರ, ಕಳಿಸಬೇಕು, ಅಷ್ಟೇ. ಆ ಅಷ್ಟಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ದೇಶ ದಾಟಿ ಹಂಚಿಹೋದ ಕುಟುಂಬದ ವಿಷಯ ಎಲ್ಲಿ ತೀರ್ಮಾನವಾಗಬೇಕು, ಯಾವ ದೇಶದ ಕಾನೂನು, ಯಾವ ಕೋರ್ಟು ಅನ್ನುವ ಪ್ರಶ್ನೆ ನನ್ನನ್ನು ಹಿಡಿದದ್ದು ಆಗಲೇ.

ಇಲ್ಲಿನ ಕೆಲಸ ಒಂದೇ ಬೆಳಗ್ಗೆ ಮುಗಿದಿತ್ತು. ನೋಟರಿ ಮುಂದೆ ಸಹಿ ಹಾಕಿ, ಟ್ರಾಮ್ ಹತ್ತಿ ಹೇಗ್ ನಗರದ ಜಿಲ್ಲಾ ಕೋರ್ಟಿಗೆ ಹೋದೆ. ಕೌಂಟರಿನಲ್ಲಿದ್ದಾಕೆ ನೋಟರಿಯ ಸಹಿಯನ್ನು ತಮ್ಮ ದಾಖಲೆಯ ಜೊತೆ ತಾಳೆ ನೋಡಿ, ಕಾಗದಕ್ಕೆ ಅಪಾಸ್ಟಿಲ್ ಹಚ್ಚಿ ಕೊಟ್ಟರು. ಅದೊಂದು ಚೌಕದ ಚೀಟಿ, ಒಂದೊಂದು ಬದಿ ಕನಿಷ್ಠ ಒಂಬತ್ತು ಸೆಂಟಿಮೀಟರ್. ತಲೆಬರಹ ಫ್ರೆಂಚ್‌ನಲ್ಲಿ, ಅದರ ಕೆಳಗೆ ಒಂದರಿಂದ ಹತ್ತರವರೆಗೆ ಸಾಲುಗಳು: ಯಾವ ದೇಶ, ಯಾರ ಸಹಿ, ಯಾವ ಅಧಿಕಾರದಲ್ಲಿ ಹಾಕಿದ್ದು, ಯಾರ ಮೊಹರು, ಎಲ್ಲಿ, ಯಾವತ್ತು. 1961ರ ಹೇಗ್ ಒಪ್ಪಂದದ ಪ್ರಕಾರ ಈ ಚೀಟಿ ಇದ್ದರೆ ಸಹಿ ಮೊಹರು ನಿಜವೇ ಅಂತ ಇನ್ನೊಂದು ದೇಶ ಮತ್ತೆ ಕೇಳುವ ಹಾಗಿಲ್ಲ. ಭಾರತದಲ್ಲಿ ಈ ಒಪ್ಪಂದ 2005ರ ಜುಲೈನಿಂದ ಜಾರಿಯಲ್ಲಿದೆ.

ನಮ್ಮ ಕಡೆಯ ಒಂದು ಕಚೇರಿಯಲ್ಲಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದ್ಯಾವ ಚೀಟಿ ಅಂಟ್ಸವ್ರೆ ಗೌಡ್ರೆ? ಎಂಬಸಿ ಸೀಲ್ ಎಲ್ಲದೆ?” ಅಂದರಂತೆ. ಅಣ್ಣ ಮತ್ತೆ ಹೋದ, ಮತ್ತೂ ಹೋದ. ವಿದೇಶದಲ್ಲಿ ಬರೆದ ಕಾಗದ ರಾಜ್ಯಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಓಡಾಟದಲ್ಲೇ ಆ ಗಡುವು ಕಳೆಯಿತು. ಎರಡನೇ ಜಿಪಿಎಗೂ ಅದೇ ಗತಿ. ಕಡೆಗೆ ನಾನೇ ರಜೆ ಹಾಕಿ ಬಂದು ಸಹಿ ಹಾಕಿದೆ.

ಅದೇ ವರ್ಷ ನನ್ನ ಡಚ್ ಸಹೋದ್ಯೋಗಿಯೊಬ್ಬರ ತಂದೆಯೂ ತೀರಿಕೊಂಡರು. ಅವರಿಗೆ ಸ್ಪೇನಿನಲ್ಲೊಂದು ಮನೆ ಇತ್ತು. ಡೆಲ್ಫ್ಟ್‌ನ ನೋಟರಿಯೇ ಯುರೋಪಿನ ವಾರಸಾ ಪ್ರಮಾಣಪತ್ರ ಬರೆದುಕೊಟ್ಟರು, ಸ್ಪೇನಿನ ನೋಂದಣಿ ಕಚೇರಿ ಒಪ್ಪಿಕೊಂಡಿತು. 2015ರ ಆಗಸ್ಟ್‌ನಿಂದ ಯುರೋಪ್ ಒಕ್ಕೂಟದ ಬಹುಪಾಲು ದೇಶಗಳಲ್ಲಿ ಹೀಗೆ ನಡೆಯುತ್ತಿದೆ: ಸತ್ತವರು ಕೊನೆಗೆ ಎಲ್ಲಿ ನೆಲೆಸಿದ್ದರೋ ಆ ದೇಶದ ಕಾನೂನೇ ಅವರ ಎಲ್ಲ ಆಸ್ತಿಗೂ ಅನ್ವಯ. ಬೇಕಿದ್ದರೆ ತಮ್ಮ ಪೌರತ್ವದ ದೇಶದ ಕಾನೂನನ್ನು ಉಯಿಲಿನಲ್ಲೇ ಆರಿಸಿಕೊಳ್ಳಬಹುದು.

ಇದನ್ನು ಊರಲ್ಲಿ ಹೇಳಿದಾಗ ದೊಡ್ಡಪ್ಪ ಒಪ್ಪಲಿಲ್ಲ. “ಅಲ್ಲಿ ಕಾನೂನು ಇಲ್ಲಿ ಗದ್ದೆಗೆ ಹೆಂಗ್ಲಾ ಬತ್ತದೆ ಮಗಾ? ಮಣ್ಣೆಲ್ಲದೋ ನ್ಯಾಯ ಅಲ್ಲೇ ಕಣಪ್ಪ.” ದೊಡ್ಡಪ್ಪನ ಮಾತು ಸರಿ ಅಂತಲೇ ನನಗೂ ಅನಿಸುತ್ತದೆ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಸೆಕ್ಷನ್ ಹೇಳುವುದೂ ಅದನ್ನೇ: ಜಮೀನಿನ ದಾವೆ ಜಮೀನಿರುವ ಕಡೆಯೇ ಹೂಡಬೇಕು. ನೀರಿನ ಸರದಿ, ಬದು, ಗೇಣಿ, ಪಹಣಿಯಲ್ಲಿ ಕೂತಿರುವ ಹೆಸರು, ಇವೆಲ್ಲ ಡಚ್ ನೋಟರಿಗೆ ಹೇಗೆ ಅರ್ಥವಾದೀತು? ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, ದೇಶ 2005ರಲ್ಲಿ ಮಾಡಿತು. ಆ ಕಾನೂನು ನಮ್ಮ ಅಕ್ಕಂದಿರಿಗೆ ಬೇಕು. ಹಾಗಾಗಿ ಜಮೀನಿನ ಮಟ್ಟಿಗೆ ‘ಎಲ್ಲಿ’ ಅನ್ನುವುದಕ್ಕೆ ನಮ್ಮಲ್ಲಿ ಸ್ಪಷ್ಟ ಉತ್ತರವಿದೆ. ಕೊರತೆ ಇರುವುದು ಕೌಂಟರಿನಲ್ಲಿ. ಅಪಾಸ್ಟಿಲ್ ಅಂದರೇನು ಅಂತ ಒಂದು ಸುತ್ತೋಲೆ, ಅರ್ಧ ದಿನದ ತರಬೇತಿ ಕೊಟ್ಟರೆ ಸರಿಹೋಗುವ ಕೊರತೆ.

ಹಣದ ಡಿಕ್ರಿ, ವಿಚ್ಛೇದನಗಳ ವಿಷಯದಲ್ಲೂ ದಾರಿ ಸುಮಾರಾಗಿ ಗೊತ್ತಿದೆ. ಬ್ರಿಟನ್, ಸಿಂಗಪುರ, 2020ರಿಂದ ಯುಎಇ, ಇಂಥ ದೇಶಗಳ ಮೇಲಿನ ಕೋರ್ಟುಗಳ ಹಣದ ಡಿಕ್ರಿಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಸೆಕ್ಷನ್ ಅಡಿ ಮೈಸೂರಿನ ಜಿಲ್ಲಾ ಕೋರ್ಟಿನಲ್ಲೇ ಅಮಲಿಗೆ ಹಾಕಬಹುದು. ಅಮೆರಿಕ ಆ ಪಟ್ಟಿಯಲ್ಲಿಲ್ಲ, ಅಲ್ಲಿನ ಡಿಕ್ರಿ ಹಿಡಿದು ಇಲ್ಲಿ ಹೊಸ ದಾವೆ ಹೂಡಬೇಕು. ಹೊರದೇಶದಲ್ಲಿ ಒಬ್ಬರೇ ಹೋಗಿ ತಂದ ವಿಚ್ಛೇದನ ಇಲ್ಲಿ ಸುಲಭಕ್ಕೆ ನಿಲ್ಲುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ: ಯಾವ ಕಾನೂನಿನಡಿ ಮದುವೆಯಾಯಿತೋ ಆ ಕಾನೂನು ಒಪ್ಪುವ ಕೋರ್ಟು, ಅದು ಒಪ್ಪುವ ಕಾರಣ ಇರಬೇಕು, ಇಲ್ಲವೇ ಇನ್ನೊಬ್ಬರೂ ಮನಸಾರೆ ಒಪ್ಪಿರಬೇಕು. ಎಷ್ಟೋ ಹೆಣ್ಣುಮಕ್ಕಳನ್ನು ಕಾಪಾಡಿದ ತೀರ್ಪು ಅದು.

ನನ್ನನ್ನು ಕಾಡುವುದು ಮಕ್ಕಳ ವಿಷಯ.

ನನ್ನ ಚಿಕ್ಕಮ್ಮನ ಮಗಳು ಮೂರು ವರ್ಷದ ಹಿಂದೆ ಅಮೆರಿಕದಿಂದ ಐದು ವರ್ಷದ ಮಗಳನ್ನು ಕರೆದುಕೊಂಡು ಮೈಸೂರಿಗೆ ಬಂದಳು. ಬೇಸಿಗೆ ರಜೆಗೆ ಅಂತ ಬಂದವಳು ಹಿಂದಿರುಗಲಿಲ್ಲ. ಗಂಡ ಅಲ್ಲಿನ ಕೋರ್ಟಿನಿಂದ ಆದೇಶ ತಂದ, ಬೆಂಗಳೂರಿನಲ್ಲಿ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್, ಅಂದರೆ ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಅನ್ನುವ ಅರ್ಜಿ, ಹಾಕಿದ. ಇವಳು ಮೈಸೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಪಾಲನೆಯ ಅರ್ಜಿ ಹಾಕಿದಳು. 1890ರ ಪಾಲಕರ ಕಾಯ್ದೆ ಕೇಳುವ ಮೊದಲ ಪ್ರಶ್ನೆ ಮಗು ಸಾಮಾನ್ಯವಾಗಿ ವಾಸವಿರುವ ಊರು ಯಾವುದು ಅನ್ನುವುದು. ಅರ್ಜಿ ಹಾಕಿದ ದಿನ ಅದಕ್ಕೆ ಉತ್ತರ ಬೇರೆ ಇತ್ತು. ಸಮನ್ಸ್ ಸಮುದ್ರ ದಾಟಿ, ಆಕ್ಷೇಪಣೆ ಬಂದು, ವಾಯ್ದೆ ಮೇಲೆ ವಾಯ್ದೆ ಬಿದ್ದು, ಈಗ ಮಗು ಕುವೆಂಪುನಗರದ ಶಾಲೆಯಲ್ಲಿ ಮೂರನೇ ಕ್ಲಾಸು. ‘ಎಲ್ಲಿ’ ಅನ್ನುವುದನ್ನು ಯಾವ ನ್ಯಾಯಾಧೀಶರೂ ತೀರ್ಮಾನಿಸುವ ಮೊದಲೇ ಕ್ಯಾಲೆಂಡರು ತೀರ್ಮಾನಿಸಿಬಿಟ್ಟಿದೆ. ಮೂರು ವರ್ಷ ಇಲ್ಲೇ ಬೆಳೆದ ಮಗುವನ್ನು ಈಗ ಕಿತ್ತು ಕಳಿಸಿ ಅಂತ ನಾನಂತೂ ಹೇಳಲಾರೆ. ಆದರೆ ಆ ಅಪ್ಪನ ಮೂರು ವರ್ಷವನ್ನು ಯಾರು ಕೊಟ್ಟಾರು?

ಹೀಗೆ ಬೇರೆ ದೇಶಕ್ಕೆ ಕರೆದೊಯ್ದ ಮಗುವನ್ನು ಅದು ನೆಲೆಸಿದ್ದ ದೇಶಕ್ಕೆ ಮರಳಿಸುವ ಇನ್ನೊಂದು ಹೇಗ್ ಒಪ್ಪಂದ, 1980ರದ್ದು, ಇರುವುದು ಇದಕ್ಕಾಗಿಯೇ. ನೂರಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ, ಭಾರತ ಇಲ್ಲ. ಮಗು ಯಾರ ಬಳಿ ಇರಬೇಕು ಅಂತ ಅದು ಹೇಳುವುದಿಲ್ಲ, ಅದನ್ನು ಯಾವ ದೇಶದ ಕೋರ್ಟು ಹೇಳಬೇಕು ಅಂತ ಮಾತ್ರ ಹೇಳುತ್ತದೆ, ಅದೂ ಆರು ವಾರದಲ್ಲಿ ತೀರ್ಮಾನವಾಗಲಿ ಅನ್ನುತ್ತದೆ. ನೆದರ್ಲೆಂಡ್ಸ್‌ನಲ್ಲಿ ಇಂಥ ಪ್ರಕರಣಗಳೆಲ್ಲ 2012ರಿಂದ ಹೇಗ್ ಕೋರ್ಟಿಗೇ ಬರುತ್ತವೆ. ವಿಚಾರಣೆಗೆ ಮುಂಚೆ ಅಪ್ಪ ಅಮ್ಮನನ್ನು ರಾಜಿ ಮಾತುಕತೆಗೆ ಕೂರಿಸುತ್ತಾರೆ. ಕಾನೂನು ಬಲ್ಲವರೊಬ್ಬರು, ಮನಶ್ಶಾಸ್ತ್ರ ಬಲ್ಲವರೊಬ್ಬರು, ಇಬ್ಬರು ಮಧ್ಯಸ್ಥರು. ಎರಡು ಮೂರು ದಿನ ಬೇರೆ ಮಾತಿಲ್ಲ, ಮಗುವಿನ ಮಾತೊಂದೇ.

ಇದನ್ನು ಕೇಳಿದಾಗ ನಮ್ಮೂರ ಅರಳಿಕಟ್ಟೆ ನೆನಪಾಯಿತು. ಅಲ್ಲೂ ಹೀಗೇ ಕೂರಿಸುತ್ತಿದ್ದರು, ಮಾತು ಮುಗಿಯದೆ ಯಾರೂ ಏಳುವ ಹಾಗಿರಲಿಲ್ಲ. ಆದರೆ ಆ ಕಟ್ಟೆಯ ಮೇಲೆ ನಮ್ಮ ಅಜ್ಜಿ ಒಂದು ದಿನವೂ ಕೂತವಳಲ್ಲ, ಅವಳ ತವರಿನ ಪಾಲು ಅವಳಿಲ್ಲದೆಯೇ ಹಂಚಿಹೋಯಿತು. ಆಡಿದ ಮಾತಿಗೆ ಕಾಗದವೂ ಇರಲಿಲ್ಲ. ಇಲ್ಲಿ ಒಪ್ಪಿದ್ದನ್ನು ಬರೆದು ನ್ಯಾಯಾಧೀಶರ ಮುಂದೆ ಇಡುತ್ತಾರೆ.

ಭಾರತ ಸೇರದೆ ಇರುವುದಕ್ಕೆ ಕಾರಣವಿದೆ, ಅದು ಹಗುರವಾದ ಕಾರಣವಲ್ಲ. ಹೊಡೆತ ತಾಳಲಾರದೆ ಮಗುವನ್ನು ಎತ್ತಿಕೊಂಡು ತವರಿಗೆ ಓಡಿಬಂದ ತಾಯಿಯನ್ನು ಈ ಒಪ್ಪಂದ ಮತ್ತೆ ಅದೇ ಊರಿಗೆ ಅಟ್ಟೀತು ಅನ್ನುವ ಭಯ. ಕಾನೂನು ಆಯೋಗ 2009ರಲ್ಲೇ ಸೇರಬೇಕು ಅಂದಿತ್ತು, 2016ರಲ್ಲಿ ಕರಡು ಮಸೂದೆಯೂ ಬಂತು, ಅಲ್ಲಿಗೇ ನಿಂತಿತು. 2017ರಲ್ಲಿ ಸುಪ್ರೀಂ ಕೋರ್ಟ್ ಮಗುವಿನ ಹಿತವೇ ಮೇಲು, ವಿದೇಶಿ ಕೋರ್ಟಿನ ಆದೇಶ ನೋಡಬೇಕಾದ ಸಂಗತಿಗಳಲ್ಲಿ ಒಂದು ಅಷ್ಟೇ ಅಂತ ಹೇಳಿತು. ಆ ಮಾತು ಒಪ್ಪುತ್ತೇನೆ. ಆದರೆ ಮಗುವಿನ ಹಿತಕ್ಕೆ ವಯಸ್ಸಿದೆ, ಐದನೇ ವರ್ಷದ ಹಿತ ಎಂಟನೇ ವರ್ಷಕ್ಕೆ ಅದೇ ಆಗಿರುವುದಿಲ್ಲ.

ಜಪಾನಿಗೂ ಇದೇ ಭಯವಿತ್ತು. 2014ರಲ್ಲಿ ಸೇರುವಾಗ ಮನೆಯೊಳಗಿನ ಹಿಂಸೆಯನ್ನು ಕೋರ್ಟು ತೂಗಿ ನೋಡಲೇಬೇಕು ಅಂತ ತನ್ನ ಕಾನೂನಿನಲ್ಲೇ ಬರೆದುಕೊಂಡು ಸೇರಿತು. ನಾವೂ ಹಾಗೆ ಮಾಡಬಹುದು. ಮಗುವಿಗೆ ಗಂಭೀರ ಅಪಾಯವಿದ್ದರೆ ಹಿಂದಕ್ಕೆ ಕಳಿಸಬೇಕಿಲ್ಲ ಅಂತ ಒಪ್ಪಂದದ 13ನೇ ವಿಧಿಯೇ ಹೇಳುತ್ತದೆ. ಇನ್ನೂ ಗಟ್ಟಿ ಬೇಕಿದ್ದರೆ, ತಾಯಿಗೆ ಅಲ್ಲಿ ವಕೀಲರು, ಇರಲು ಮನೆ, ವೀಸಾ ಆಗುವವರೆಗೆ ವಿಮಾನ ಹತ್ತಿಸುವುದಿಲ್ಲ ಅಂತ ನಮ್ಮ ಕಾಯ್ದೆಯಲ್ಲೇ ಬರೆಯೋಣ. ಮೈಸೂರು, ಮಂಡ್ಯದ ಪ್ರಕರಣಗಳಿಗೆ ಬೆಂಗಳೂರಿನಲ್ಲಿ ಒಂದೇ ಕೋರ್ಟು ಗೊತ್ತು ಮಾಡೋಣ. ವರ್ಷಕ್ಕೆ ನಾಲ್ಕು ಬಂದರೂ ಆ ನಾಲ್ಕನ್ನು ಬಲ್ಲ ನ್ಯಾಯಾಧೀಶರಿರಲಿ.

ಕಳೆದ ಸಲ ಬಂದಾಗ ಚಿಕ್ಕಮ್ಮನ ಮನೆಯಲ್ಲಿದ್ದೆ. ರಾತ್ರಿ ಎಂಟಕ್ಕೆ ಅಪ್ಪನ ವಿಡಿಯೊ ಕಾಲ್. ಮಗು ಪಾಠ ಒಪ್ಪಿಸುವವಳ ಹಾಗೆ ಊಟ ಆಯ್ತು, ಹೋಂವರ್ಕ್ ಆಯ್ತು ಅಂತ ಹೇಳಿ ಫೋನನ್ನು ಅಜ್ಜಿ ಕೈಗೆ ಕೊಟ್ಟು ಆಡಲು ಓಡಿದಳು. ಚಿಕ್ಕಮ್ಮ ಅದನ್ನು ಹಿಡಿದುಕೊಂಡು, “ಆಟಕ್ಕೆ ಹೋದ್ಲು ಕಣಪ್ಪಾ, ಇನ್ನೊಂದ್ ಸ್ವಲ್ಪ ಇರು, ಬತ್ತಾಳೆ” ಅಂದರು. ಅಳಿಯ ಇಪ್ಪತ್ತು ನಿಮಿಷ ಕಾದ. ಪರದೆಯ ತುಂಬ ನಡುಮನೆಯ ಗೋಡೆ. ಅದರ ಮೇಲಿನ ಕ್ಯಾಲೆಂಡರಿನಲ್ಲಿ ಮುಂದಿನ ವಾಯ್ದೆಗೆ ಕೆಂಪು ಪೆನ್ನಿನ ಗುರುತು.